ನಂಬೋಜೊಳ ಮಲತಂದೆಯನ್ನು ನಾವು ಹೊಡೆದದ್ದು

ವೊನಿಯಾಲಾನಿಗೆ ಬಿದ್ದ ಮೊದಲ ಏಟು ನನ್ನದು. ಕಡಲೆಬೀಜ ಕುಟ್ಟುತ್ತಿದ್ದ ಒನಕೆ ಕೈಯಲ್ಲೇ ಇತ್ತು.

ಎಂಬಾಲೆ ಪಟ್ಟಣದ ಅಂಚಿನಲ್ಲಿ, ವನಾಲೆ ಗುಡ್ಡದ ಬುಡದಲ್ಲಿ ನಮ್ಮ ಕೇರಿ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದು ಬಾಳೆಯ ಸಾಲು. ಅವನು ಕಾಫಿ ಬೀಜ ಒಣಗಿಸುವ ಅಂಗಳದಲ್ಲಿ ಕೂಲಿ ಮಾಡುತ್ತಿದ್ದ. ಹೆಂಡತಿ ಮುಟೋನಿಗೆ ಮೊದಲ ಗಂಡನಿಂದ ಹುಟ್ಟಿದ ಮಗಳು ನಂಬೋಜೊ. ಒಂಬತ್ತು ವರ್ಷದ ಹುಡುಗಿ, ಎತ್ತರ ಮಾತ್ರ ನಾಲ್ಕು ವರ್ಷದ ಮಗುವಿನದು. ಬೆರಳುಗಳು ಮೋಟು. ಎರಡು ವರ್ಷದಲ್ಲಿ ಅವಳ ಕೈ ಒಮ್ಮೆ ಮುರಿದಿತ್ತು, ಮೊಣಕಾಲ ಕೆಳಗೆ ಎರಡು ಸಲ. ಪ್ರತಿ ಸಲವೂ ವೊನಿಯಾಲಾ "ಬಿದ್ದಳು" ಎನ್ನುತ್ತಿದ್ದ. ಅಷ್ಟು ಸಲ ಬೀಳುವ ಮಗು ಯಾವುದು? ಕೊಳಾಯಿಯ ಬಳಿ ಹೆಂಗಸರ ಕಿವಿಗೆ ಈ ಮಾತು ಹಾಕಿದವಳೂ ನಾನೇ.

ಆ ದಿನ ಮುಟೋನಿ ಸಂತೆಗೆ ಹೋಗಿದ್ದಳು. ಮಧ್ಯಾಹ್ನ ಮಗು ಕಿರುಚಿತು. ಓಡಿಹೋಗಿ ನೋಡಿದರೆ ನಂಬೋಜೊ ನೆಲದ ಮೇಲಿದ್ದಳು. ತೊಡೆ ನಡುವಿನಲ್ಲಿ ಬಾಗಿ ಕಾಲು ಅಡ್ಡಕ್ಕೆ ಹೊರಳಿತ್ತು. ಅವನು ಎರಡೂ ಕೈಯಲ್ಲಿ ಆ ಕಾಲನ್ನು ಹಿಡಿದುಕೊಂಡಿದ್ದ.

"ನಫುನಾ ಅಕ್ಕ, ಮಣೆಯಿಂದ ಜಾರಿದ್ಳು. ಗಾಡಿಯವನನ್ನ ಕರಿ," ಅಂದ.

ಒನಕೆ ಬೀಸಿದೆ. ಭುಜಕ್ಕೆ ಬಿತ್ತು. "ಮಗೂನ ಕೊಲ್ತಿದಾನೆ, ಬನ್ರೋ," ಎಂದು ಕೂಗಿದೆ.

ಕೇರಿ ತುಂಬಿತು. ನನ್ನ ತಮ್ಮ ವೆಟಾಕಾ ಅವನ ಕುತ್ತಿಗೆಪಟ್ಟಿ ಹಿಡಿದು ಅಂಗಳಕ್ಕೆ ಎಳೆದು ತಂದ. ಇಟ್ಟಿಗೆ, ದೊಣ್ಣೆ, ಬೂಟುಕಾಲು. ದವಡೆ ಮುರಿದ ಸದ್ದು ನನಗೆ ಕೇಳಿಸಿತು. ತಲೆಗೆ ಅಡ್ಡ ಹಿಡಿದ ಬಲಗೈಯ ಮೇಲೆ ಯಾರೋ ಗುದ್ದಲಿಯ ಹಿಂಬದಿಯಿಂದ ಮತ್ತೆ ಮತ್ತೆ ಹೊಡೆದರು.

"ಸಣ್ಣ ಮಕ್ಕಳ ಮೇಲೆ ನಿನ್ನ ಗಂಡಸ್ತನವೇನೋ? ಈಗ ತೋರ್ಸು," ಎನ್ನುತ್ತ ವೆಟಾಕಾ ಹಳೆಯ ಟೈರೊಂದನ್ನು ಉರುಳಿಸಿ ತಂದ. ಅದನ್ನು ಕೊರಳಿಗೆ ಹಾಕಿ ಸುಡಲು ಸೀಮೆಎಣ್ಣೆ ತರಲೆಂದು ಇನ್ನೊಬ್ಬ ಓಡಿದ.

ಒಳಗಿನಿಂದ ನಂಬೋಜೊ ಒಂದೇ ಸಮನೆ ಕೂಗುತ್ತಿದ್ದಳು. "ನಾನೇ ಬಿದ್ದಿದ್ದು. ಅಪ್ಪನ್ನ ಬಿಡಿ. ನಾನೇ ಬಿದ್ದಿದ್ದು." ಅದು ನನ್ನ ಕಿವಿಗೆ ಬಿತ್ತು. ಹೆದರಿಕೆಗೆ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಸಂತೆಯಿಂದ ಬಂದ ಮುಟೋನಿ ಬುಟ್ಟಿ ಎಸೆದು ಗಂಡನ ಮೇಲೆ ಕವುಚಿಬಿದ್ದಳು. ಟೈರು ಇಬ್ಬರಿಗೂ ಸೇರಿ ಹಾಕಲಾಗಲಿಲ್ಲ. ಅವಳ ಬೆನ್ನಿಗೂ ಏಟುಗಳು ಬಿದ್ದವು. ಅವಳು ಅಲುಗಲಿಲ್ಲ. ಅಷ್ಟರಲ್ಲಿ ಪೊಲೀಸರು ಬಂದು ಗಾಳಿಯಲ್ಲಿ ಗುಂಡು ಹಾರಿಸಿದರು.

ಮಗಳು, ಗಂಡ ಇಬ್ಬರನ್ನೂ ಒಂದೇ ವ್ಯಾನಿಗೆ ಹಾಕಿದರು. ಕಂಡವಳು ಎಂದು ನನ್ನನ್ನೂ ಹತ್ತಿಸಿದರು. ಆಸ್ಪತ್ರೆಯಲ್ಲಿ ನನಗೆ ಸಂಕೋಚವೇನೂ ಇರಲಿಲ್ಲ. ಮಗುವನ್ನು ಉಳಿಸಿದೆ ಎಂಬ ಹೆಮ್ಮೆಯಲ್ಲೇ ಕೂತಿದ್ದೆ.

ವೈದ್ಯೆ ಎಕ್ಸ್‌ರೇ ಬೆಳಕಿಗೆ ಹಿಡಿದರು. ಮೂಳೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಆಮೇಲೆ ನಂಬೋಜೊಳ ನೆತ್ತಿ ಮುಟ್ಟಿದರು. ಹಸುಗೂಸಿಗೆ ಇರುವಂತೆ ಅಲ್ಲಿ ಇನ್ನೂ ಮೆತ್ತಗಿತ್ತು.

"ಇವಳನ್ನ ಯಾರೂ ಹೊಡೆದಿಲ್ಲಮ್ಮ," ಎಂದರು ಪೊಲೀಸಿನವಳಿಗೆ. "ನಮ್ಮ ಮೈಯಲ್ಲಿ ಹಳೇ ಮೂಳೆ ದಿನಾ ಕರಗ್ತಾ ಇರುತ್ತೆ, ಅಲ್ಲಿ ಹೊಸದು ಕೂತ್ಕೊಳ್ಳುತ್ತೆ. ಕರಗಿಸೋಕೆ ಒಂದು ಕಿಣ್ವ ಬೇಕು, ಕ್ಯಾಥೆಪ್ಸಿನ್ ಕೆ ಅಂತಾರೆ. ಇವಳ ಮೈಯಲ್ಲಿ ಅದು ಕೆಲಸ ಮಾಡ್ತಿಲ್ಲ. ಹಾಗಾಗಿ ಹಳೇದೆಲ್ಲ ಅಲ್ಲೇ ಗಟ್ಟಿಯಾಗ್ತಾ ಹೋಗಿದೆ. ಗಟ್ಟಿ ಅಷ್ಟೇ, ತಾಳಿಕೆ ಇಲ್ಲ. ಸೀಮೆಸುಣ್ಣದ ಥರ ಪಟ್ ಅಂತ ಮುರಿಯುತ್ತೆ."

"ವಾಸಿ ಆಗುತ್ತಾ?" ಎಂದಳು ಪೊಲೀಸಿನವಳು.

"ಹುಟ್ಟಿನಿಂದ ಬಂದದ್ದು. ಬೀಳದ ಹಾಗೆ ನೋಡ್ಕೋಬೇಕು. ಮಲತಂದೆ ನೋಡ್ಕೊಂಡಿದಾನೆ ಅಂತಾನೇ ಕಾಣುತ್ತೆ. ಹಿಂದಿನ ಮುರಿತಗಳೆಲ್ಲ ನೇರವಾಗಿ ಕೂಡಿವೆ."



ಮರುದಿನ ಠಾಣೆಗೆ ಹೋಗಿ ನನ್ನ ಹೆಸರು ಬರೆಸಿದೆ, ಆಮೇಲೆ ವೆಟಾಕಾನದು. "ಒಡಹುಟ್ಟಿದವನನ್ನೇ ಹಿಡಿದುಕೊಟ್ಟೆಯಲ್ಲೇ," ಎಂದು ಅಮ್ಮ ಮುಖ ತಿರುಗಿಸಿದಳು. ಅವನಿಗೆ ಎರಡು ವರ್ಷ ಜೈಲಾಯಿತು, ನನಗೆ ಎಂಟು ತಿಂಗಳು. ಉಳಿದವರ ಹೆಸರು ಯಾರೂ ಹೇಳಲಿಲ್ಲ.

ಬಿಡುಗಡೆಯಾದ ವಾರ ವೊನಿಯಾಲಾನ ಅಂಗಳಕ್ಕೆ ಹೋಗಿ ನಿಂತೆ. ಬಲಗೈ ಒಣಗಿ ಜೋತಿತ್ತು. ದವಡೆ ಸೊಟ್ಟ ಕೂಡಿ ಮಾತು ತೊದಲುತ್ತಿತ್ತು. ಕ್ಷಮಿಸು ಅಂದೆ. ಅವನು ಎಡಗೈಯಲ್ಲಿ ಕಾಫಿ ಬೀಜ ಆರಿಸುತ್ತಲೇ ಇದ್ದ.

"ಕ್ಷಮೆ ಗಿಮೆ ನನ್ನ ಹತ್ರ ಇಲ್ಲ," ಎಂದ. "ತಿಂಗಳಿಗೊಮ್ಮೆ ನಂಬೋಜೊ ಆಸ್ಪತ್ರೆಗೆ ಹೋಗ್ಬೇಕು. ಈ ಕೈಲಿ ಅವಳನ್ನ ಎತ್ತೋಕಾಗಲ್ಲ. ಮುಟೋನಿಗೂ ಬೆನ್ನು ಬಗ್ಗಲ್ಲ. ನೀನು ಎತ್ಕೊಂಡು ಬಾ."

ಮೂರು ವರ್ಷದಿಂದ ಎತ್ತುತ್ತಿದ್ದೇನೆ. ನಂಬೋಜೊಳನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತೇನೆ. ಅವನು ಮುಂದೆ ನಡೆಯುತ್ತ ದಾರಿಯ ಕಲ್ಲುಗಳನ್ನು ಕಾಲಿನಿಂದ ಬದಿಗೆ ಸರಿಸುತ್ತಾನೆ. ನನ್ನೊಡನೆ ಮಾತಿಲ್ಲ.

"ಅತ್ತೆ, ಎಡಕ್ಕೆ. ಅಲ್ಲಿ ಕೆಸರಿದೆ," ಎಂದು ನಂಬೋಜೊ ನನ್ನ ಕಿವಿಯ ಬಳಿ ಹೇಳುತ್ತಾಳೆ. ನಾನು ಎಡಕ್ಕೆ ಸರಿಯುತ್ತೇನೆ.