ಸಕ್ಕರೆ ತಟ್ಟೆ

ಬೆಟಗೇರಿಯ ಓಣಿಯಲ್ಲಿ, ರೋಹಿಣಿಯ ಮನೆಯ ಮುಂದೆ, ಸೀರೆ ನೇಯುವ ಎಳೆಗಳ ಉದ್ದನೆಯ ಹಾಸು ಗಂಜಿ ಹಚ್ಚಿಸಿಕೊಂಡು ಒಣಗುತ್ತಿತ್ತು. ಒಳಗೆ ಗಂಡಿನ ಕಡೆಯವರು ಕುಳಿತಿದ್ದರು. ಹುಡುಗ ಮನೋಹರ ಹೆಚ್ಚು ಮಾತಾಡಲಿಲ್ಲ. ಆ ಮೌನವೇ ರೋಹಿಣಿಗೆ ಹಿಡಿಸಿತ್ತು.

ಅವನ ಸೋದರಮಾವ ಬಸಲಿಂಗಯ್ಯನಿಗೆ ಮಾತ್ರ ಅವಸರ. "ಸಕ್ಕರಿ ತರ್ರಿ, ಬಾಯಿ ಸಿಹಿ ಮಾಡಿ ಇವತ್ತ ಗಟ್ಟಿ ಮಾಡಿಬಿಡೂಣು," ಎಂದ. ರೋಹಿಣಿಯ ಅವ್ವ ಬನಶಂಕರೆವ್ವ ತಟ್ಟೆ ತಂದೇಬಿಟ್ಟಳು. ಒಂದು ಚಿಟಿಕೆ ತಿಂದರೆ ಮದುವೆ ನಿಶ್ಚಯ. ಆಮೇಲೆ ಬೇಡವೆಂದರೆ ಎರಡೂ ಮನೆಗೆ ಅವಮಾನ.

ರೋಹಿಣಿಯ ಮನಸ್ಸು ಹೂಂ ಅನ್ನುತ್ತಿತ್ತು. ಕೈಯೂ ಚಾಚಿತು. ಅಷ್ಟರಲ್ಲಿ ಬಾಗಿಲಾಚೆ ಹಸಿ ಎಳೆಗಳು ಹೊಳೆಯುವುದು ಕಂಡಿತು. ಹೋದ ಸಲ ಪೂರ್ತಿ ಒಣಗುವ ಮೊದಲೇ ಹಾಸನ್ನು ಸುತ್ತಿ ಮಗ್ಗಕ್ಕೆ ಏರಿಸಿದ್ದರು. ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಸೀರೆ ಮುಗಿಯುವವರೆಗೂ ಹರಿಯುತ್ತಲೇ ಇದ್ದವು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಮಾವಾರ, ಇವರು ನನಗ ಹಿಡಿಸ್ಯಾರ. ಆದ್ರ ಇನ್ನೂ ಇವರ ದನಿನೂ ಸರಿಯಾಗಿ ಕೇಳಿಲ್ಲ. ನಾಕ ಸಲ ಮಾತಾಡಿ ಹೇಳ್ತೀನ್ರಿ."

"ಸಂಸಾರದಾಗ ಮಾತಾಡೂದ ಇರತೈತಿ, ತಂಗಿ. ಆಮ್ಯಾಲ ಸಾಕಪ್ಪಾ ಅಂತೀ!" ಎಂದ ಬಸಲಿಂಗಯ್ಯ.

ಯಾರೂ ನಗಲಿಲ್ಲ. ಅವ್ವನ ಮುಖ ಬಾಡಿತು. ಸಂಬಂಧ ತಪ್ಪಿಯೇ ಹೋಯಿತೆಂದು ರೋಹಿಣಿಗೂ ಅನಿಸಿತು.

"ಅಕಿ ಹೇಳೂದು ಖರೆ ಐತಿ, ಮಾಮಾ," ಎಂದ ಮನೋಹರ ಮೆಲ್ಲಗೆ. "ನಾನೂ ಕೇಳೂದೈತಿ. ಐತವಾರ ಬರಲೇನ್ರಿ?"

"ಬರ್ರಿ," ಎಂದಳು ರೋಹಿಣಿ.

ಅವರು ಹೋದ ಮೇಲೆ ಅವ್ವ ಸಕ್ಕರೆಯನ್ನು ಡಬ್ಬಿಗೆ ಸುರಿಯಲು ಎದ್ದಳು.

"ತಟ್ಟ್ಯಾಗ ಇರಲಿ ಬೇ."

"ಇರಿವಿ ಮುಕರತಾವ."

"ಮುಚ್ಚಿಡು," ಎಂದು ರೋಹಿಣಿ ಎಳೆಗಳನ್ನು ಮುಟ್ಟಿ ನೋಡಲು ಹೊರಗೆ ಹೋದಳು.