ತುಂಬಬಾರದ ಪೀಪಾಯಿ

“ಇದನ್ನ ಯಾರೂ ಮುಟ್ಟಬಾರದು. ಸೋಲಾಂಜ್‌ಗೆ ಮೊದಲ ಮಗು ಆದಾಗ ಹಳದಿ ವೈನ್ ಆಗಿಯೇ ಬಡಿಸು,” ಎಂದಿದ್ದರು ನನ್ನ ಗಂಡ ಆನ್ಸೆಲ್ಮ್, ನೆಲಮಾಳಿಗೆಯ ಮೂಲೆಯಲ್ಲಿದ್ದ ಪೀಪಾಯಿ ತೋರಿಸಿ. ಬಡಿಸುತ್ತೇನೆಂದು ಮಾತು ಕೊಟ್ಟೆ. ಆ ಚಳಿಗಾಲ ಮುಗಿಯುವ ಮೊದಲೇ ಅವರು ಹೋದರು.

ಫ್ರಾನ್ಸಿನ ನಮ್ಮ ಜುರಾ ಸೀಮೆಯಲ್ಲಿ ಪೂಲ್ಸಾರ್, ಟ್ರೂಸೋ ದ್ರಾಕ್ಷಿಯ ಕೆಂಪು ವೈನನ್ನು ಬೇಗ ಕುಡಿದು ಮುಗಿಸುತ್ತೇವೆ. ಸಾವನ್ಯಾಂ ದ್ರಾಕ್ಷಿಯ ಹಳದಿ ವೈನಿಗೆ ಮಾತ್ರ ಆರು ವರ್ಷದ ಮೇಲೂ ಕಾಯಬೇಕು. ಪೀಪಾಯಿಯಲ್ಲಿ ವೈನ್ ಆರಿ ಆರಿ ಇಳಿಯುತ್ತದೆ; ಆ ಖಾಲಿ ಜಾಗವನ್ನು ತುಂಬಿಸಬಾರದು. ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಆ ಪೊರೆಯಡಿ ಅದು ಹಳದಿಯಾಗಿ ಅಕ್ರೋಟಿನ ಪರಿಮಳ ಹಿಡಿಯುತ್ತದೆ. ತೋಟ, ಅಡುಗೆ, ಅಪ್ಪನಿಲ್ಲದ ಮಗಳು, ಎಲ್ಲದಕ್ಕೂ ನನ್ನ ಕೈ ಬೇಕಿತ್ತು. ಬೇಡ ಎಂದದ್ದು ಆ ಪೀಪಾಯಿ ಒಂದೇ. ಸುಸ್ತಾದಾಗ ಅದರ ಪಕ್ಕ ಹೋಗಿ ಕೂರುತ್ತಿದ್ದೆ.

ಸೋಲಾಂಜ್ ಮದುವೆಯಾದದ್ದು ಪಕ್ಕದ ಸೀಮೆ ಬರ್ಗಂಡಿಯ ಗಾಸ್ಪಾರ್‌ನನ್ನು. ಒಳ್ಳೆಯವನು, ಸುಮ್ಮನೆ ಕೂರಲಾರದವನು. ಅವರ ಕಡೆ ಪೀಪಾಯಿ ಬೆರಳಗಲ ಇಳಿದರೂ ತಕ್ಷಣ ತುಂಬಿಸುತ್ತಾರೆ. ನಾನು ಬಾಣಂತಿ ಮಗಳ ಆರೈಕೆಯಲ್ಲಿದ್ದಾಗ ನೆಲಮಾಳಿಗೆ ನೋಡಿಕೊಂಡವನು ಅವನೇ.

“ಅತ್ತೆ, ಮೂಲೆ ಪೀಪಾಯಿ ಪಾಪ, ಎಷ್ಟು ಖಾಲಿಯಾಗಿತ್ತು! ಮೇಲೆ ಬೂಷ್ಟು ಬೇರೆ. ಬಾಯಿ ತನಕ ಶಾರ್ಡನೇ ವೈನ್ ತುಂಬಿಸಿದೀನಿ,” ಎಂದ, ಶಹಭಾಸ್ ಅನ್ನಿಸಿಕೊಳ್ಳುವ ಮುಖದಲ್ಲಿ.

“ಅದು ಬೂಷ್ಟಲ್ಲಪ್ಪ, ಹಳದಿ ವೈನಿನ ಪೊರೆ,” ಎಂದೆ.

“ಹಳದಿಗಿಟ್ಟಿದ್ದಕ್ಕೆಲ್ಲ ಸುಣ್ಣದ ಗುರುತು ಇರತ್ತಲ್ಲ, ಅತ್ತೆ? ಇದಕ್ಕಿರಲಿಲ್ಲ…”

ಇರಲಿಲ್ಲ, ನಿಜ. ಮನೆಯವರಿಗೆ ಗುರುತು ಯಾಕೆಂದು ಆನ್ಸೆಲ್ಮ್ ಬಿಟ್ಟಿರಬೇಕು.

ಸುದ್ದಿ ಕೇಳಿ ಆನ್ಸೆಲ್ಮ್‌ರ ಅಣ್ಣ ಲೆಯೋನ್ಸ್ ಬಂದರು. “ಬರ್ಗಂಡಿಯೋರಿಗೆ ಖಾಲಿ ಜಾಗ ಕಂಡ್ರೆ ನಿದ್ದೆ ಬರಲ್ಲ ಕಣಮ್ಮ! ಮಗು ಬಾಯಿ ತೆರೆದ್ರೆ ಬಿರಡೆ ಹಾಕ್ಯಾನು, ನೋಡ್ಕೋ.” ಆಮೇಲೆ ದನಿ ತಗ್ಗಿಸಿ, “ನನ್ನ ಹಳದಿ ವೈನ್ ಕೊಡ್ತೀನಿ. ತಮ್ಮಂದೇ ಅಂತ ಬಡಿಸು. ಯಾರಿಗೆ ಗೊತ್ತಾಗತ್ತೆ?”

“ಗಾಸ್ಪಾರ್‌ಗೆ ಗೊತ್ತಾಗತ್ತೆ, ಭಾವ. ಆಮೇಲೆ ಅವನು ನಾಚಿಕೆಗೆ ಈ ಮನೇಲಿ ಯಾವ ಪೀಪಾಯಿನೂ ಮುಟ್ಟಲ್ಲ.”

ಭಾವ ಟೋಪಿ ಹಾಕಿಕೊಂಡು ಹೊರಟರು.

ಮಗುವಿನ ನಾಮಕರಣದ ಊಟದ ದಿನ ಮೂಲೆಯ ಪೀಪಾಯಿಯಿಂದಲೇ ಹೂಜಿ ತುಂಬಿಕೊಂಡು ಬಂದೆ. ಗಾಸ್ಪಾರ್ ತಲೆ ಎತ್ತಲಿಲ್ಲ.

“ಇದನ್ನ ಯಾಕೆ ತಂದ್ರಿ ಅತ್ತೆ?”

“ಮಗುವಿನ ತಾತ ಇಟ್ಟಿದ್ದಪ್ಪ. ಮಗುವಿನ ಅಪ್ಪ ತುಂಬಿದ್ದೂ ಇದರಲ್ಲಿದೆ. ಏಳು, ಬಡಿಸು.”

ಅವನು ಒಬ್ಬೊಬ್ಬರಿಗೂ ಬಡಿಸಿದ. ಕೋಳಿ ಸಾರಿನೊಂದಿಗೆ ಎಲ್ಲರೂ ಕುಡಿದರು. ಭಾವ ಎರಡನೇ ಲೋಟ ಕೇಳಿದರು. ಅಕ್ರೋಟಿನ ಪರಿಮಳ ಎಲ್ಲೋ ತಳದಲ್ಲಿ ಬಂದು ಹೋಯಿತು.

ಅದು ಹಳದಿ ವೈನ್ ಆಗಿರಲಿಲ್ಲ. ಆನ್ಸೆಲ್ಮ್‌ಗೆ ಕೊಟ್ಟ ಮಾತು ಉಳಿಯಲಿಲ್ಲ.