ಬಿಸಿಲು ಬೇಕಾದ ಮರಗಳು

“ಪೆಟ್ಟಿಗೆ ಕೆಳಗಿಳಿಸಿ,” ಎನ್ನುತ್ತ ಅರಣ್ಯಾಧಿಕಾರಿ ಗೇಟಿಗೆ ಅಡ್ಡ ನಿಂತ. ಹೊತ್ತಿದ್ದ ಆರು ಜನರೂ ಇಳಿಸಲಿಲ್ಲ. ಹೆಗಲು ಬದಲಿಸಿಕೊಂಡರು, ಅಷ್ಟೆ.

ಪೆಟ್ಟಿಗೆಯಲ್ಲಿದ್ದವನು ಮಗಳಿಗೆ ಅಪ್ಪ, ಉಳಿದವರಿಗೆಲ್ಲ ಟೇಪಣ್ಣ. ನಲವತ್ತು ವರ್ಷ ಇದೇ ಕಾಡಿನ ಮರಗಳ ಸುತ್ತಳತೆ ತೆಗೆದು ತಗಡಿನ ನಂಬರು ಹೊಡೆದವನು. ನೆಂಟರ ಮನೆಗೆ ಹೋದರೂ ಕಂಬಕ್ಕೆ ಟೇಪು ಸುತ್ತುತ್ತಾನೆಂದು ಜನ ನಗುತ್ತಿದ್ದರು. ಸಾಯುವ ಮುನ್ನ ಒಂದೇ ಒಂದು ಕೇಳಿದ್ದ: ಹುಟ್ಟಿದ ಜಾಗದಲ್ಲೇ ಮಣ್ಣು ಮಾಡಿ. ಹುಟ್ಟಿದ್ದು ಈ ಗೇಟಿನೊಳಗೆ.

“ಒಳಗೆ ಊರಿದ್ದೋರಿಗೆ ಆ ಹಕ್ಕಿದೆ, ಇಲ್ಲ ಅನ್ನಲ್ಲಮ್ಮ. ಆದ್ರೆ ಇಲ್ಲಿ ಊರೇ ಇರಲಿಲ್ಲ. ಮನುಷ್ಯರ ಕೈ ತಾಗದ ಕಾಡು ಇದು. ದಾಖಲೆ ಇದೆ.”

“ದಾಖಲೆ ಬರೆದೋರು ಮರ ನೋಡಿಲ್ಲ ಸಾರ್,” ಎಂದಳು ಮಗಳು.

ದೊಡ್ಡಪ್ಪ ಅವಳ ತೋಳು ಜಗ್ಗಿದ. “ಸುಮ್ನಿರು ಮಗಳೇ. ಬೇರೆ ಕಡೆ ಮಣ್ಣು ಮಾಡೋಣ.”

* * *

ಅವಳಿಗೆ ಆಗ ಹನ್ನೆರಡು. ಇಬ್ಬರು ತಬ್ಬಿದರೂ ಕೈಗೆ ಕೈ ಕೂಡದ ಮರದಡಿ ನಿಂತು ಅಪ್ಪ ಹೇಳಿದ್ದ: “ಇದರ ಸಸಿ ಹುಡುಕು ನೋಡೋಣ.”

ಮಧ್ಯಾಹ್ನವಿಡೀ ಹುಡುಕಿದಳು. ಒಂದೂ ಇಲ್ಲ.

“ಸಿಗಲ್ಲ. ಈ ಜಾತಿ ಮೊಳೆಯೋಕೆ ಬಿಸಿಲು ಬೇಕು. ಈ ನೆರಳಲ್ಲಿ ಹುಟ್ಟಲ್ಲ.”

“ಮತ್ತೆ ಇದು ಹೇಗೆ ಹುಟ್ತು?”

“ಆವಾಗ ಇಲ್ಲಿ ನಿಂತ್ರೆ ಆಕಾಶ ಕಾಣ್ತಿತ್ತು.” ಅಪ್ಪ ದನಿ ತಗ್ಗಿಸಿದ. “ಕಾಡು ಕಡಿದು ಬಿತ್ತಿದ್ದು ನಮ್ಮೋರು. ಊರು ಸುಟ್ಟಿದ್ದು ಬೇರೆಯವರು. ನನಗೆ ಎಂಟು ವರ್ಷ. ನಿನ್ನ ದೊಡ್ಡಪ್ಪನ ಮುಂದೆ ಮಾತ್ರ ಇದನ್ನ ಎತ್ತಬೇಡ.”

* * *

“ಮರ ನೀವೇ ನೋಡಿ ಬನ್ನಿ,” ಎಂದು ಅಧಿಕಾರಿಯನ್ನು ಅವಳು ಅದೇ ಮರದಡಿಗೆ ಕರೆತಂದಳು. ಪೆಟ್ಟಿಗೆಯೂ ಹಿಂದೆಯೇ ಬಂತು. ಸುತ್ತಲೂ ಅದೇ ಜಾತಿಯ, ಒಂದೇ ದಪ್ಪದ ಮರಗಳು, ಒಂದಕ್ಕೂ ಸಸಿಯಿಲ್ಲ. ಆಚೆಗೆ ಹಣ್ಣಿನ ಮರಗಳ ಸಾಲು.

“ಹಕ್ಕಿ ಬೀಜ ತಂದಿರಬಹುದು,” ಎಂದ ಅಧಿಕಾರಿ.

“ಹಕ್ಕಿ ಹಗ್ಗ ಹಿಡಿದು ಸಾಲು ನೆಡುತ್ತಾ ಸಾರ್?”

ಯಾರೋ ನಕ್ಕು, ತಕ್ಷಣ ನುಂಗಿಕೊಂಡರು. ಅಧಿಕಾರಿಯ ಮುಖ ಕೆಂಪಾಯಿತು. “ಸರಿ. ಅಗೆಯಿರಿ. ಸೊಂಟದಾಳದವರೆಗೆ ಏನೂ ಸಿಗದಿದ್ರೆ ಮುಚ್ಚಿ ಹೊರಡಬೇಕು.”

“ಅಗೆಯೋದೇನೂ ಬೇಡ.” ದೊಡ್ಡಪ್ಪ ಮುಂದೆ ಬಂದ. “ಊರಿರಲಿಲ್ಲ ಅಂತ ಆ ದಾಖಲೆಗೆ ಹೆಬ್ಬೆಟ್ಟು ಒತ್ತಿದೋನು ನಾನೇ. ಒತ್ತದಿದ್ರೆ ತಮ್ಮನನ್ನೂ ಬೆಂಕಿಗೆ ಹಾಕ್ತೀವಿ ಅಂದ್ರು ಊರು ಸುಟ್ಟೋರು. ಆಗ ಅವನನ್ನ ಕಂಕುಳಲ್ಲಿ ಅವುಚಿಕೊಂಡಿದ್ದೆ.”

ಅರವತ್ತು ವರ್ಷ ಅಣ್ಣತಮ್ಮ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಈ ಮಾತನ್ನು ತಪ್ಪಿಸಿಕೊಂಡೇ ಬಂದಿದ್ದರು.

“ಬಾಯಿಮಾತು ಸಾಲಲ್ಲ ಅಜ್ಜ,” ಎಂದ ಅಧಿಕಾರಿ. ದನಿ ಮೊದಲಿನಷ್ಟು ಬಿರುಸಾಗಿರಲಿಲ್ಲ. “ಮೇಲಿನವರು ನನ್ನನ್ನ ಕೇಳ್ತಾರೆ.”

ಗುದ್ದಲಿ ಬಿತ್ತು. ಮೊಣಕಾಲುದ್ದ ಬರೀ ಕೆಮ್ಮಣ್ಣು. ಅಧಿಕಾರಿ ಗಡಿಯಾರ ನೋಡಿದ. ತೊಡೆಯುದ್ದಕ್ಕೆ ಬಂದಾಗ ಮಣ್ಣಿನಲ್ಲಿ ಕಪ್ಪು ಪಟ್ಟಿ ಕಂಡಿತು. ಇದ್ದಿಲು, ಗುಂಡಿಯ ನಾಲ್ಕೂ ಗೋಡೆಗೆ. ಅದರ ಕೆಳಗೆ ಗುದ್ದಲಿ ಖಣ್ಣೆಂದಿತು.

ದೊಡ್ಡಪ್ಪ ಗುಂಡಿಗಿಳಿದು ಕೈಯಿಂದ ಮಣ್ಣು ಬಳಿದ. ಕಲ್ಲಿನ ಒರಳು. ಎತ್ತಲು ನೋಡಿದ, ಅಲುಗಲಿಲ್ಲ. ತೊಡೆಗಾತ್ರದ ಬೇರೊಂದು ಅದರ ಗುಳಿಯೊಳಗೆ ಇಳಿದು, ಗುಳಿಯ ಆಕಾರಕ್ಕೇ ಬಲಿತು, ಅಂಚು ದಾಟಿ ಮುಂದೆ ಹೋಗಿತ್ತು.

ಅಧಿಕಾರಿ ಬೇಡವೆನ್ನಲಿಲ್ಲ. ಬೇರು ಕಡಿಯದೆ ಗುಂಡಿಯನ್ನು ಇನ್ನೊಂದು ಮಗ್ಗುಲಿಗೆ ಅಗಲಿಸಿದರು. ಪೆಟ್ಟಿಗೆ ಇಳಿದು ಒರಳಿಗೆ ತಾಗಿ ನಿಂತಿತು. ದೊಡ್ಡಪ್ಪ ಇನ್ನೂ ಮೇಲೆ ಬಂದಿರಲಿಲ್ಲ. ಒಂದು ಕೈ ಪೆಟ್ಟಿಗೆಯ ಮೇಲೆ, ಒಂದು ಕೈ ಒರಳಿನ ಮೇಲೆ.